ಹಕ್ಕರಕಿ ತರುವವರು

ಸಂತೆಗೆ ಹೋದರೆ ಮೊದಲು ಕಾಯಿಪಲ್ಯೆ ನೋಡಬಾರದು, ಕುಂತವರನ್ನು ನೋಡಬೇಕು ಎಂಬುದು ನಮ್ಮ ಅವ್ವನ ಕಾನೂನು. ಒಂದೇ ಜಾತಿಯ, ಒಂದೇ ಅಳತೆಯ ಬದನಿಕಾಯಿಯನ್ನು ಒಟ್ಟಿಕೊಂಡು ಕುಂತಿದ್ದರೆ ಅದು ನಸುಕಿನ ಸವಾಲಿನಲ್ಲಿ ಹಿಡಿದು ತಂದ ಮಾಲು. ಅದು ಯಾವ ಹೊಲದ್ದು, ಯಾವ ನೀರು ಕುಡಿದದ್ದು ಎಂಬುದು ಮಾರುವವರಿಗೂ ಗೊತ್ತಿರುವುದಿಲ್ಲ. ಅದೇ ಒಂದು ಗೋಣಿತಟ್ಟಿನ ಮೇಲೆ ನಾಲ್ಕು ಹೀರಿಕಾಯಿ, ಎರಡು ಹಿಡಿ ಹಸಿಮೆಣಸಿನಕಾಯಿ, ಐದಾರು ಸಿವುಡು ಪುಂಡಿಪಲ್ಯೆ, ಪಕ್ಕದಲ್ಲೊಂದು ಸೊಟ್ಟ ಕುಂಬಳಕಾಯಿ ಇಟ್ಟುಕೊಂಡು ಯಾರಾದರೂ ಕುಂತಿದ್ದರೆ, ಆಕೆ ಬೆಳೆದಾಕಿ. ಆ ವಾರ ಹೊಲದ ಬದುವಿನಲ್ಲಿ ಏನೇನು ಬಂದಿತ್ತೋ ಅಷ್ಟನ್ನೇ ಕೊಯ್ದು ತಂದಿರುತ್ತಾಳೆ. "ಬೆಳದಾಕಿ ಕಡಿಂದ ತಗೋಬೇಕವಾ. ತೂಕದಾಗ ಮೋಸ ಆದ್ರೂ ರುಚಿಯಾಗ ಆಗೂದಿಲ್ಲ" ಅನ್ನುತ್ತಿದ್ದಳು. ತೂಕದಲ್ಲೂ ಆಕೆ ಮೋಸ ಆಗಗೊಡುತ್ತಿರಲಿಲ್ಲ, ಅದು ಬೇರೆ ಮಾತು.

ಇದನ್ನು ನಾನು ಕಲಿತದ್ದು 1970ರ ದಶಕದ ಹಳೇ ಬಾಗಲಕೋಟೆಯಲ್ಲಿ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಅಂತ ಐದು ಪೇಟೆಗಳ ಊರು. ಹೋಳಿ ಹುಣ್ಣಿವೆಗೆ ಹಲಗಿ ಬಡಿಯುವುದೂ ಆ ಐದು ಪೇಟೆಗಳ ಲೆಕ್ಕದಲ್ಲೇ. ಬಣ್ಣದ ಬಂಡಿಗಳು ಓಡಾಡುವ ಆ ದಿನಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಊರೊಳಗೆ ಬರುವ ಧೈರ್ಯ ಯಾರಿಗಿತ್ತು? ಬಜಾರು ಬಂದ್, ಎಲ್ಲರ ಮನೆಯಲ್ಲೂ ಮಡಿಕೆಕಾಳು, ಹೆಸರುಕಾಳು ನೆನೆಯುತ್ತಿದ್ದವು. ಉಳಿದ ದಿನಗಳಲ್ಲಿ ಮಾತ್ರ ಮೂರು ದಿಕ್ಕಿನಿಂದ ಬುಟ್ಟಿಗಳು ಬರುತ್ತಿದ್ದವು. ಬಾದಾಮಿ, ಗುಳೇದಗುಡ್ಡ ರೋಡ್ ಕಡೆಯವರು ಮೀಟರ್ ಗೇಜ್ ಗಾಡಿಯಲ್ಲಿ. ಸೀತಾಫಲದ ಕಾಲಕ್ಕೆ ಆ ಗಾಡಿಯ ಡಬ್ಬಿಯೆಲ್ಲ ಗುಡ್ಡದ ವಾಸನೆ. ಕಲಾದಗಿ ಕಡೆಯಿಂದ ಚಿಕ್ಕು, ಪ್ಯಾರಲ, ದಾಳಿಂಬರಿ. ಇಂಗ್ಲಿಷರ ಕಾಲದಲ್ಲಿ ಜಿಲ್ಲೆಯ ಕಚೇರಿಗಳೆಲ್ಲ ಇದ್ದ ಊರದು. ಕಚೇರಿಗಳು ವಿಜಾಪುರಕ್ಕೆ ಹೋದವು, ಹಣ್ಣಿನ ತೋಟಗಳು ಅಲ್ಲೇ ಉಳಿದವು. ಕಲಾದಗಿಯ ಪುಣ್ಯ ಅಂತಲೇ ನಾನು ಅನ್ನುತ್ತೇನೆ. ಮೂರನೆಯವರು ಘಟಪ್ರಭೆಯ ದಂಡೆಯವರು. ಕಾಯಿಪಲ್ಯೆಯ ಮುಕ್ಕಾಲು ಪಾಲು ಅವರದೇ.

ಬೇಸಿಗೆಗೆ ಹೊಳೆ ಸೊರಗಿದಾಗ ಆ ಜನ ಉಸುಕಿನಲ್ಲೇ ಕುಣಿ ತೋಡಿ, ಗೊಬ್ಬರ ಸುರುವಿ, ಸವತಿ, ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಬಂದು ಉಸುಕಿನ ಗೆರೆಗಳನ್ನೆಲ್ಲ ಅಳಿಸಿ ಹೋಗುವುದು, ಮುಂದಿನ ವರ್ಷ ಮತ್ತೆ ಅದೇ ಕೆಲಸ. ದಂಡೆಯ ಮೇಲಿನ ಹೊಲದಲ್ಲಿ ಬದನಿ, ಚವಳಿ, ಹೀರಿ, ಮೂಲಂಗಿ. ಹೊಳೆ ತಾನೇ ತಂದು ಹಾಕಿದ ಮಣ್ಣು. ಆ ಮಣ್ಣಿನ ಬದನಿಕಾಯಿಯನ್ನು ನಾಲ್ಕು ಸೀಳಿ, ಗುರೆಳ್ಳು, ಶೇಂಗಾಪುಡಿ ತುಂಬಿ ಎಣ್ಣೆಗಾಯಿ ಮಾಡಿದರೆ ಒಲೆಯ ಮೇಲೆ ಇಟ್ಟು ಒಂದು ಮಾತು ಆಡುವುದರೊಳಗೆ ಬೆಂದಿರುತ್ತಿತ್ತು. ನೆನಪು ಯಾವಾಗಲೂ ರುಚಿ ಹೆಚ್ಚಿಸಿ ಹೇಳುತ್ತದೆ, ಗೊತ್ತು. ಈ ಒಂದು ವಿಷಯದಲ್ಲಿ ನನಗೆ ಸಂಶಯವಿಲ್ಲ.

ಅವರಲ್ಲಿ ಒಬ್ಬಾಕೆಯನ್ನು ನಾವು ಪುಂಡಿಪಲ್ಯೆದ ಆಯಿ ಅನ್ನುತ್ತಿದ್ದೆವು. ಹೊಳೆದಂಡೆಯ ಹಳ್ಳಿಯಾಕೆ. ಹಸಿರು ದಡಿಯ ಇಳಕಲ್ ಸೀರೆ, ಒಂದು ಕಾಲಕ್ಕೆ ಕೆಂಪಗಿದ್ದ ಸೆರಗು. ಆಕೆಯ ಟೊಂಕದಲ್ಲಿ ಒಂದು ಸಂಚಿ. ಗುಳೇದಗುಡ್ಡದ ಖಣದ ತುಂಡುಗಳನ್ನು ಜೋಡಿಸಿ ಹೊಲಿದದ್ದು, ಎರಡೂ ಕಡೆ ಎಳೆಯುವ ದಾರ, ಒಳಗೆ ಒಂದರೊಳಗೊಂದು ಖಾನೆಗಳು. ಹೊರಗಿನ ಖಾನೆಯಲ್ಲಿ ಎಲೆ, ಅದರಾಚೆ ಅಡಿಕೆ ಚೂರು, ಸುಣ್ಣದ ಡಬ್ಬಿ, ತಂಬಾಕು. ಎಲ್ಲಕ್ಕಿಂತ ಒಳಗಿನದರಲ್ಲಿ ರೊಕ್ಕ. ಬೋಣಿಗಿ ರೊಕ್ಕ ಬಂದರೆ ಕಣ್ಣಿಗೆ ಒತ್ತಿಕೊಂಡು, ಎಲ್ಲ ಖಾನೆಗಳನ್ನೂ ದಾಟಿಸಿ ಒಳಗಿನದಕ್ಕೆ ಸೇರಿಸುತ್ತಿದ್ದಳು. ಚಿಲ್ಲರೆ ಹೊರಬರಬೇಕಾದರೆ ಮತ್ತೆ ಅದೇ ದಾರಿ: ಎಲೆ ಸರಿಸಿ, ಅಡಿಕೆ ಸರಿಸಿ, ಡಬ್ಬಿ ಸರಿಸಿ. ಅಷ್ಟು ಹೊತ್ತು ನಿಂತವರು ಕಾಯಬೇಕು. ಆಕೆಯಿಂದ ವಾಪಸು ಬಂದ ನಾಣ್ಯಕ್ಕೆ ತಂಬಾಕಿನ ವಾಸನೆ ಇರುತ್ತಿತ್ತು. ಅದನ್ನು ಮೂಸುತ್ತ ಮನೆತನಕ ಹೋಗುವುದು ನನಗೊಂದು ಖುಷಿ.

"ಹ್ಯಾಂಗ ಹಚ್ಚಿ ಆಯಿ, ಪುಂಡಿಪಲ್ಯೆ?" ಅಂತ ಅವ್ವ ಕುಕ್ಕುರುಗಾಲಲ್ಲಿ ಕೂಡುವಳು. ನಿಂತು ರೇಟು ಕೇಳಿದರೆ ಆಕೆಗೆ ಸಮಾಧಾನವಿಲ್ಲ.

"ನಾಕಾಣೆಕ್ಕ ಮೂರು ಸಿವುಡು."

"ಐದ ಹಚ್ಚು."

"ಐದ ಹಚ್ಚಿ ನಾ ಏನ ಮಣ್ಣ ತಿನ್ನಲೇನವಾ? ತಗಿ, ನಾಕ ತಗೊ. ಬೋಣಿಗಿ ಹೊತ್ತಿನ್ಯಾಗ ಮಾತ ಬೆಳಸಬ್ಯಾಡ."

ನಾಲ್ಕಕ್ಕೇ ನಿಲ್ಲುತ್ತದೆ ಅಂತ ಇಬ್ಬರಿಗೂ ಮೊದಲೇ ಗೊತ್ತು. ಆದರೂ ಪ್ರತಿ ವಾರ ಮೂರರಿಂದ, ಐದರಿಂದ ಶುರುವಾಗಲೇಬೇಕು. ಕೊಡದೇ ಹೋದರೆ ಎದ್ದು ಮೂರು ಹೆಜ್ಜೆ ನಡೆಯುವುದು, ಹಿಂದಿನಿಂದ "ಬಾ ಯವ್ವಾ, ಬಾ" ಅಂತ ಕರೆಸಿಕೊಳ್ಳುವುದು, ಈ ನಾಟಕ ಅವ್ವ ಸವಾಲಿನ ಮಾಲು ಮಾರುವವರ ಮುಂದೆ ಮಾಡುತ್ತಿದ್ದಳು. ಬೆಳೆದಾಕಿಯ ಮುಂದಿನಿಂದ ಎದ್ದು ಹೋದದ್ದನ್ನು ನಾನು ನೋಡಲಿಲ್ಲ. ಕಾರಣ ಹೇಳಿಯೂ ಇರಲಿಲ್ಲ, ನಾವೂ ಕೇಳಿರಲಿಲ್ಲ. ಮಾತು ಮುಗಿದ ಮೇಲೆ ಕೊಸರು. ನಾಲ್ಕು ಸಿವುಡು ಕಟ್ಟಿದ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ, ಇಲ್ಲವೇ ಎರಡು ಕಡ್ಡಿ ಕರಿಬೇವು ತಾನಾಗಿ ಚೀಲಕ್ಕೆ ಬೀಳಬೇಕು. ಕೊಸರು ಹಾಕುವಾಗ ಆಯಿ ನಮ್ಮ ಮುಖ ನೋಡುತ್ತಿರಲಿಲ್ಲ, ಎತ್ತಲೋ ನೋಡುತ್ತ ಹಾಕುತ್ತಿದ್ದಳು. ಚಳಿಗಾಲದಲ್ಲಿ ಕೊಸರು ಅಂದರೆ ಹಕ್ಕರಕಿ. ಹಿಂಗಾರಿ ಜೋಳದ ಸಾಲಿನ ನಡುವೆ, ಕಡ್ಲಿ ಹೊಲದಲ್ಲಿ ತಾನೇ ಹುಟ್ಟುವ ಸೊಪ್ಪು ಅದು. ಬೀಜ ಹಾಕಿದವರಿಲ್ಲ, ಹಾಗಾಗಿ ರೊಕ್ಕ ಕೇಳುವವರೂ ಇರಲಿಲ್ಲ. ಬಿಸಿ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು, ಹಸಿ ಹಕ್ಕರಕಿ ಇದ್ದರೆ ಬೇರೆ ಅಡಿಗೆ ಬೇಕಿಲ್ಲ.

ಪಂಚಮಿ ಹತ್ತಿರ ಬಂದರೆ ಆಯಿ ಅವ್ವನ ಹತ್ತಿರ ಹತ್ತಿಪ್ಪತ್ತು ರೂಪಾಯಿ ಕೈಗಡ ಇಸಕೊಳ್ಳುವಳು. ಮಗಳು ತವರಿಗೆ ಬರುತ್ತಾಳೆ, ಉಂಡಿ ಕಟ್ಟಬೇಕು. ಆ ರೊಕ್ಕ ರೊಕ್ಕದ ರೂಪದಲ್ಲಿ ಎಂದೂ ವಾಪಸು ಬರಲಿಲ್ಲ, ಬರಲಿ ಅಂತ ಅವ್ವ ಕಾಯಲೂ ಇಲ್ಲ. ಸವತಿಕಾಯಿಯಾಗಿ, ಚವಳಿಕಾಯಿಯಾಗಿ ದೀಪಾವಳಿತನಕ ತೀರುತ್ತಿತ್ತು.

ನನ್ನನ್ನು ಹುನಗುಂದಕ್ಕೆ ಕೊಟ್ಟರು. ಅಲ್ಲಿ ಸಂತೆಯ ಪಾಠ ಬೇರೆ. ಎರಿ ಮಣ್ಣಿನ ನಾಡು ಅದು, ಮಳೆ ಬಂದರೆ ಕಾಲು ಕಿತ್ತಿಡಲಾಗದು, ಬರದಿದ್ದರೆ ಹೊಲ ಬಾಯಿ ಬಿಡುತ್ತದೆ. ಹಿಂಗಾರಿಗೆ ಬಿಳಿಜೋಳ, ಕಡ್ಲಿ, ಕುಸುಬಿ. ಕಾಯಿಪಲ್ಯೆಗಿಂತ ಕಾಳಿನ ಸಂತೆ ದೊಡ್ಡದು. ನಮ್ಮ ಅತ್ತೆ ವರ್ಷದ ಜೋಳ ಕೊಳ್ಳುವ ದಿನ ಮಾವನವರನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. "ಅವರು ರೇಟ್ ಕೇಳಿ ಹೂಂ ಅಂತಾರ" ಅನ್ನುವುದು ದೂರು. ಚೀಲದೊಳಗೆ ಮೊಳಕೈತನಕ ಕೈ ಇಳಿಸಿ ತಳದ ಕಾಳು ತೆಗೆಯುವಳು, ಬಾಯಿಗೆ ಹಾಕಿ ಕಡಿಯುವಳು. ಕಟಂ ಅಂದರೆ ಸರಿ, ಮೆತ್ತಗೆ ಅಂದರೆ ಇನ್ನೂ ಹಸಿ ಇದೆ, ಹುಳ ಬೀಳುತ್ತದೆ. ಮಾಲದಂಡಿ ಜೋಳವಾದರೆ ಅಂಗೈಯಲ್ಲಿ ಹಾಕಿ ಬಿಸಿಲಿಗೆ ಹಿಡಿಯುವಳು. ಸೇರಿನಿಂದ ಅಳೆಯುವಾಗ ಮಾರುವವನು ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾನೆ. ಲಾಭ, ಎರಡು, ಮೂರು ಅಂತ ಎಣಿಕೆ ಸಾಗುತ್ತದೆ. ಅತ್ತೆಯ ತುಟಿಯೂ ಅವನ ಜೊತೆ ಆಡುತ್ತಿರುತ್ತಿತ್ತು. ಯಾರೋ ಮಾತಾಡಿಸಿ ಅವನ ಎಣಿಕೆ ತಪ್ಪಿದರೆ ಅತ್ತೆಯದು ತಪ್ಪುತ್ತಿರಲಿಲ್ಲ. ಸೇರಿನ ಮೇಲೆ ತಲೆಕಟ್ಟಿ ಅಳೆಯಬೇಕು, ಕೈಯಿಂದ ಒರೆಸಿ ಸಮ ಮಾಡಿದರೆ ಆ ಚೀಲ ಅಲ್ಲಿಗೇ ಬಿಡುವಳು.

ಅಮೀನಗಡದ ಕುರಿಸಂತೆಗೆ ಹೆಣ್ಣುಮಕ್ಕಳು ಹೋಗುತ್ತಿರಲಿಲ್ಲ. ಗಂಡಸರು ಹೋಗಿ ಬರುವಾಗ ಕರದಂಟು ತರುವರು, ಮನೆಯಲ್ಲಿ ಬಾಣಂತಿ ಇದ್ದರೆ ಹೆಚ್ಚಿಗೆ. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ. ಕುರಿ ಕೊಂಡ ರೇಟು ಮನೆಯಲ್ಲಿ ನಿಜ ಹೇಳುತ್ತಿರಲಿಲ್ಲ ಅನ್ನುವುದನ್ನು ಬಿಟ್ಟರೆ ಆ ಸಂತೆಯ ಬಗ್ಗೆ ನನಗೆ ಹೆಚ್ಚಿಗೆ ತಿಳಿಯಲಿಲ್ಲ.

ಇಳಕಲ್ಲಿಗೆ ಹೋಗುತ್ತಿದ್ದದ್ದು ಮದುವೆ ಬಟ್ಟೆಗೆ. ಕುಣಿಮಗ್ಗದ ಮನೆಗೇ ಹೋಗಿ ಸೀರೆ ತರುವ ರೂಢಿ ನಮ್ಮ ಅತ್ತೆಯದು. ಅಲ್ಲೂ ಅವ್ವನ ಕಾನೂನೇ ನಡೆಯುತ್ತದೆ: ನೇದವರ ಕೈಯಿಂದ ಕೊಳ್ಳುವುದು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹತ್ತಿಯ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಹಾಗಾಗಿ ಪ್ರತಿ ಸೀರೆಗೂ ಹಾಸು ಹೊಸದು, ಒಂದೇ ಹಾಸಿನಲ್ಲಿ ಹತ್ತಾರು ಸೀರೆ ತೆಗೆಯುವ ಮಾತಿಲ್ಲ. ಕೊಂಡಿ ಹಾಕುತ್ತ ಕುಂತ ಹೆಣ್ಣುಮಗಳ ಬೆರಳನ್ನು ಒಮ್ಮೆ ಹತ್ತಿರದಿಂದ ನೋಡಿದ ಮೇಲೆ ಅಲ್ಲಿ ಚೌಕಾಶಿಗೆ ಬಾಯಿ ಏಳುವುದಿಲ್ಲ. ಅತ್ತೆಗೆ ಏಳುತ್ತಿತ್ತು. ಚಿಕ್ಕಿ ಪರಾಸ ದಡಿ, ತೋಪು ತೆನಿ ಸೆರಗು, ಬಣ್ಣ ಬಿಟ್ಟರೆ ವಾಪಸು ತರುತ್ತೇನೆ ಅನ್ನುವ ಕರಾರು, ಇವೆಲ್ಲ ಮುಗಿಯುವ ಹೊತ್ತಿಗೆ ಚಹಾ ಎರಡು ಸಲ ಬಂದಿರುತ್ತಿತ್ತು. ಆ ಊರಿನಲ್ಲಿ ಇನ್ನೊಂದು ಚೀಲದ ಸುದ್ದಿಯೂ ಕೇಳುತ್ತಿದ್ದೆವು. ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ನಿಮ್ಮ ಕುಡಿತ, ನಿಮ್ಮ ಚಟ ಇದರೊಳಗೆ ಹಾಕಿರಿ ಅಂತ ಬೇಡುತ್ತಿದ್ದರು. ಈಗ ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಸಂತೆ ದಿನ ಸಂಜೆ ರೊಕ್ಕ ಎಲ್ಲಿ ಹೋಗುತ್ತದೆ ಅಂತ ಬಲ್ಲ ಹೆಂಗಸರು ಆ ಜೋಳಿಗೆಗೆ ಕೈ ಮುಗಿದದ್ದನ್ನು ನಾನು ಕಂಡಿದ್ದೇನೆ.

ಬಾಗಲಕೋಟೆಗೆ ನಾವು ತಿರುಗಿ ಬಂದದ್ದು 1990ರ ದಶಕದ ಕೊನೆಗೆ, ಯಜಮಾನರ ವರ್ಗಾವಣೆ ಮೇಲೆ. ಊರು ಆಗ ಜಿಲ್ಲೆ ಆಗಿತ್ತು, ಮುಳುಗಡೆಯೂ ಆಗುತ್ತಿತ್ತು. ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಆ ಜಲಾಶಯವನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವಿನ 42 ವರ್ಷ ಹಳೇ ಊರಿನ ಜನ ಮನೆಗೆ ಸುಣ್ಣ ಹಚ್ಚಲೋ ಬೇಡವೋ ಅಂತ ಯೋಚನೆ ಮಾಡಿದರು. ನಮ್ಮ ಅಪ್ಪ ಸೋರುವ ಮಾಳಿಗೆ ರಿಪೇರಿ ಮಾಡಿಸದೇ ಹಾಗೇ ತೀರಿಕೊಂಡ. "ಮುಳುಗೂ ಮನಿಗೆ ಗಿಲಾವ್ ಯಾಕ?" ಅನ್ನುತ್ತಿದ್ದ. ಅವನಿದ್ದಷ್ಟು ದಿನ ಅದು ಮುಳುಗಲೂ ಇಲ್ಲ.

ಮುಳುಗಡೆ ಅಂದರೆ ಎಲ್ಲರೂ ಮನೆಗಳ ಮಾತಾಡುತ್ತಾರೆ. ಕಿಲ್ಲೆಯ ವಾಡೆಗಳು, ಗುಡಿ, ಮಸೂತಿ, ಪರಿಹಾರದ ಲೆಕ್ಕ, ಹಕ್ಕುಪತ್ರ. ಬುಟ್ಟಿಗಳ ಮಾತು ಯಾರೂ ಆಡುವುದಿಲ್ಲ. ಜಲಾಶಯದ ನೀರು 519.6 ಮೀಟರಿಗೆ ಬಂದು ನಿಲ್ಲುತ್ತದೆ ಅಂದರೆ ಘಟಪ್ರಭೆಯ ದಂಡೆ ಅಂತ ನಾವು ಬಲ್ಲದ್ದು ದಂಡೆಯಾಗಿ ಉಳಿಯುವುದಿಲ್ಲ. ಉಸುಕಿನ ಸವತಿ ಬಳ್ಳಿ, ಬದನಿ ಹೊಲ ಎಲ್ಲ ನೀರೊಳಗೆ. ಕೊಳ್ಳುವವರಿಗೆ ಹೊಸದಾಗಿ ಕಟ್ಟಿದ ನವನಗರದಲ್ಲಿ ಪ್ಲಾಟು ಸಿಕ್ಕಿತು. ಬೆಳೆಯುವವರಿಗೆ ರೊಕ್ಕ ಸಿಕ್ಕಿತು, ಮನೆಗೆ ಜಾಗ ಸಿಕ್ಕಿತು, ಹೊಳೆ ತಂದು ಹಾಕುವ ಮಣ್ಣು ಎಲ್ಲಿಂದ ಸಿಗಬೇಕು? ಅದೇ ಜಲಾಶಯದ ಕೆನಾಲಿನ ನೀರಿನಿಂದ ಬೇರೆ ನಾಡಿನ ಹೊಲಗಳು ಹಸಿರಾದವು, ಅದನ್ನು ಇಲ್ಲ ಅನ್ನುವುದಿಲ್ಲ. ನಾನು ಮಾತಾಡುತ್ತಿರುವುದು ನಮ್ಮ ಬಜಾರಿನದು. ಈಗ ನಸುಕಿನಲ್ಲಿ ಬೆಳಗಾವಿ ಕಡೆಯ ಲಾರಿ ಬರುತ್ತದೆ. ಕೋಸುಗಡ್ಡಿ, ಗಜ್ಜರಿ, ಆಲೂಗಡ್ಡಿ, ಟೊಮ್ಯಾಟೋ. ಒಂದೇ ಅಳತೆ, ಒಂದೇ ಬಣ್ಣ. ಸವಾಲು ಆಗುತ್ತದೆ, ದಲಾಲಿಯವರು ಬರೆದುಕೊಳ್ಳುತ್ತಾರೆ, ಬುಟ್ಟಿಗಳು ಹಂಚಿಹೋಗುತ್ತವೆ. ತೋಟ ಮುಳುಗಿದ ಊರಿಗೆ 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಹುಡುಗರು ದೂರದೂರಿಂದ ಓದಲು ಬರುತ್ತಾರೆ, ಒಳ್ಳೆಯ ಸಸಿ ಸಿಗುತ್ತವೆ, ಮೇಳಕ್ಕೆ ನಾನೂ ಹೋಗುತ್ತೇನೆ. ಆದರೂ ಆ ಗೇಟಿನ ಮುಂದೆ ಹಾಯುವಾಗ ಒಂದು ಸಣ್ಣ ನಗು ಬಂದೇ ಬರುತ್ತದೆ.

ನವನಗರದಲ್ಲಿ ಓಣಿ ಇಲ್ಲ, ಸೆಕ್ಟರ್ ಇವೆ. ಅಗಲ ರಸ್ತೆ, ಸಾಲು ಮನೆ, ನಂಬರು. ಮೊದಲ ವರ್ಷಗಳಲ್ಲಿ ಕಾಯಿಪಲ್ಯೆ ತರಲಿಕ್ಕೆ ನಾವು ಸಿಟಿ ಬಸ್ಸು ಹತ್ತಿ, ವಿದ್ಯಾಗಿರಿ ದಾಟಿ, ಹಳೇ ಊರಿನ ಬಜಾರಿಗೇ ಹೋಗುತ್ತಿದ್ದೆವು. ನಕ್ಷೆಯಲ್ಲಿ ಅಂಗಡಿಗಳಿಗೆ ಜಾಗ ಇತ್ತು, ಕಟ್ಟೆಗಳೂ ಎದ್ದವು. ಬುಟ್ಟಿಯವರು ಕಟ್ಟೆ ಬಿಟ್ಟು ರಸ್ತೆ ದಂಡೆಗೇ ಕುಂತರು. ಕಟ್ಟೆಯ ಮೇಲೆ ಕುಂತರೆ ಕೊಳ್ಳುವವರು ಹುಡುಕಿಕೊಂಡು ಬರಬೇಕು, ರಸ್ತೆಯಲ್ಲಿ ಕುಂತರೆ ಹಾದುಹೋಗುವವರ ಕಾಲು ತಾನೇ ನಿಲ್ಲುತ್ತದೆ. ಇಷ್ಟು ಸಣ್ಣ ಮಾತು ತಲೆಹೊರೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೆಕ್ಟರಿನಿಂದ ಸೆಕ್ಟರಿಗೆ ಹೊತ್ತು ತಿರುಗುವವರ ಫಜೀತಿ ಬೇರೆ. ಹಳೇ ಊರಿನಲ್ಲಿ ಮನೆ ಗುರುತು ಹಿಡಿಯಲು ಬಾಗಿಲ ಮುಂದಿನ ಬೇವಿನ ಗಿಡ ಇತ್ತು, ಅಜ್ಜನ ಕೆಮ್ಮು ಇತ್ತು. ಇಲ್ಲಿ ಎಲ್ಲ ಬಾಗಿಲೂ ಒಂದೇ ಥರ. ಒಬ್ಬಾಕೆ ನಮ್ಮ ಮನೆಗೆ ಒಂದೇ ಮುಂಜಾನೆ ಎರಡು ಸಲ ಬಂದು, "ಅಯ್ಯ ಶಿವನಽ, ಮತ್ತ ನೀವಽ ಬಂದ್ರ್ಯಾ?" ಅಂತ ನನಗೇ ಕೇಳಿದ್ದಳು.

ಪುಂಡಿಪಲ್ಯೆದ ಆಯಿಯನ್ನು ನಾನು ತಿರುಗಿ ಕಂಡದ್ದು ಆ ರಸ್ತೆ ದಂಡೆಯಲ್ಲೇ. ಬುಟ್ಟಿ ಇಟ್ಟುಕೊಂಡು ಕುಂತಿರಲಿಲ್ಲ, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಚೀಲ ಹಿಡಿದು ನಿಂತಿದ್ದಳು. ಊರು ಎತ್ತಿಹಾಕಿದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಮಗನ ಮನೆ. ಹಿತ್ತಲಲ್ಲಿ ಕಲ್ಲು ಬಿಟ್ಟರೆ ಮತ್ತೇನೂ ಬೆಳೆಯುವುದಿಲ್ಲವಂತೆ. ಒಂದು ಹುಡುಗನ ಮುಂದೆ ಬದನಿಕಾಯಿ ಆರಿಸುತ್ತಿದ್ದಳು. ಆಕೆ ಆರಿಸುವುದನ್ನು ನಾನು ಮೊದಲ ಸಲ ನೋಡಿದ್ದು. ಅವ್ವನಿಗಿಂತ ಕೆಟ್ಟ ಗಿರಾಕಿ! ಒಂದೊಂದನ್ನೂ ತಿರುವಿ ತೊಟ್ಟು ನೋಡುವಳು, ಉಗುರಿನಿಂದ ಒತ್ತುವಳು, ಬುಟ್ಟಿಗೆ ಒಗೆಯುವಳು.

"ಆಯಿ, ಹಂಗ ಚಿವುಟಬ್ಯಾಡ, ಮಾಲ ಕೆಡತೈತಿ," ಅಂದ ಹುಡುಗ.

"ಮಾಲ! ನಿಮ್ಮಪ್ಪ ಬೆಳದಾನೇನು ಇದನ್ನ?"

"ಇಲ್ಲ, ಸವಾಲದಾಗ ಹಿಡದದ್ದು."

"ಮತ್ತ ಸುಮ್ನ ಕುಂದ್ರು. ಹೊಟ್ಟಿ ತುಂಬ ಬೀಜ ಆಗ್ಯಾವ ಇದಕ್ಕ. ಎರಡ ದಿನ ಮೊದಲಽ ಕೊಯ್ಯಬೇಕಿತ್ತು."

ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವ್ವ ಹೋದದ್ದು ಗೊತ್ತಿತ್ತು. ಯಾವ ವಾರ, ಏನಾಗಿತ್ತು, ಯಾರು ಯಾರು ಬಂದಿದ್ದರು ಎಲ್ಲ ಕೇಳಿದಳು. ಆಮೇಲೆ ಹುಡುಗನ ಕಡೆ ತಿರುಗಿ ರೊಕ್ಕ ಕೊಟ್ಟಳು. ಸಂಚಿ ಅದೇ ಇತ್ತು. ಕೊಸರಿಗೆ ಆತ ಕೈ ಆಡಿಸಲಿಲ್ಲ. ಆಕೆ ಕೇಳಲೂ ಇಲ್ಲ, ತಾನೇ ಬಾಗಿ ಅವನ ಬುಟ್ಟಿಯಿಂದ ಎರಡು ಮೆಣಸಿನಕಾಯಿ ಎತ್ತಿ ಚೀಲಕ್ಕೆ ಹಾಕಿಕೊಂಡಳು, ಎತ್ತಲೋ ನೋಡುತ್ತ.

ಬೆಂಗಳೂರಿನಲ್ಲಿ ಮಗಳ ಮನೆ. ಅಲ್ಲಿ ಹಾಪ್‌ಕಾಮ್ಸ್ ಅಂಗಡಿ ಹತ್ತಿರ ಇದ್ದ ಕಾಲಕ್ಕೆ ನನಗೆ ಆರಾಮಿತ್ತು. ಬೋರ್ಡಿನ ಮೇಲೆ ರೇಟು, ಕಾಗದದ ಬಿಲ್ಲು, ಜಗಳ ಇಲ್ಲ, ಕೊಸರೂ ಇಲ್ಲ. ಬೆಳೆಗಾರರದೇ ಸಹಕಾರಿ ಸಂಘ ಅನ್ನುವ ಸಮಾಧಾನ ಅಂತೂ ಇತ್ತು. ಆಮೇಲೆ ಮಗಳ ಮನೆಯವರು ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರು. "ಅವ್ವಾ, ನಮ್ಮಲ್ಲಿ ಭಾನುವಾರ ರೈತರ ಸಂತಿ ಹಚ್ಚತಾರ, ನಿನಗ ಸೇರತೈತಿ ಬಾ" ಅಂತ ಕರೆದುಕೊಂಡು ಹೋದಳು. ಲಾನಿನ ಮೇಲೆ ಬಿಳೇ ಡೇರೆ, ಬಿದಿರಿನ ಬುಟ್ಟಿ, ಸೀಮೆಸುಣ್ಣದಲ್ಲಿ ಚಂದ ಬರೆದ ರೇಟು. ಮಾರುವ ಹುಡುಗರು ಏಪ್ರನ್ ಕಟ್ಟಿಕೊಂಡಿದ್ದರು. ಬುಟ್ಟಿಯಲ್ಲಿ ಒಂದಕ್ಕೊಂದು ಹೊಂದದ, ಸೊಟ್ಟ ಸೊಟ್ಟ ಬದನಿಕಾಯಿ ಕಂಡು ನನಗೆ ಭಾಳ ಸಂತೋಷ ಆಯಿತು.

"ಯಾರು ಬೆಳದದ್ದಪಾ ಇದು?" ಅಂದೆ.

"ನಮ್ಮ ಫಾರ್ಮ್ ಪಾರ್ಟ್‌ನರ್ಸ್, ಆಂಟಿ."

"ಅವರು ಬಂದಿಲ್ಲೇನು?"

"ಇಲ್ಲ ಆಂಟಿ, ಅವರು ಫಾರ್ಮಲ್ಲಿದ್ದಾರೆ." ಪಾಪ, ಸರಿಯಾಗೇ ಹೇಳಿದ. ಭಾನುವಾರ ಆದರೇನು, ದನಕ್ಕೆ ಮೇವು ಹಾಕುವವರು ಬೇಕಲ್ಲ. ಕರಿಬೇವಿಗೆ ಹತ್ತು ರೂಪಾಯಿ ಬೇರೆ ಹಿಡಿದ. ಬದನಿಕಾಯಿ ಚಲೋ ಇದ್ದವು, ಸುಳ್ಳು ಹೇಳಬಾರದು. ಅದರ ಎಣ್ಣೆಗಾಯಿಯನ್ನು ಅಳಿಯ ಎರಡು ಸಲ ಹಾಕಿಸಿಕೊಂಡ. ಆದರೆ ಬೀಜ ಯಾವಾಗ ಆಗುತ್ತದೆ, ಎರಡು ದಿನ ಮೊದಲು ಯಾಕೆ ಕೊಯ್ಯಬೇಕು ಅಂತ ಅಲ್ಲಿ ಯಾರನ್ನು ಕೇಳಬೇಕು?

ಇತ್ತ ಬಾಗಲಕೋಟೆಯ ಮಾತು ಬೇರೆ: 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದು ಅಂತ ಹೇಳಿದ ದಿನದಿಂದ ಹಳೇ ಊರಿನಲ್ಲಿ ಉಳಿದವರು ಮತ್ತೆ ಸುಣ್ಣ ಹಚ್ಚುವುದನ್ನು ಮುಂದೂಡಿದ್ದಾರೆ. ಬಜಾರಿನ ಮಂದಿಯ ಮಾತೆಲ್ಲ ಈಗ ಯಾವ ಸರ್ವೇ ನಂಬರು ಹೋಗುತ್ತದೆ, ಯಾವುದು ಉಳಿಯುತ್ತದೆ ಅನ್ನುವುದರ ಸುತ್ತಲೇ.

ಇಷ್ಟಾದರೂ ವರ್ಷಕ್ಕೊಂದು ವಾರ ಬೆಳೆದಾಕಿಯರನ್ನು ಹಿಂಡುಹಿಂಡಾಗಿ ಕಾಣಬೇಕು ಅಂದರೆ ನಾನು ಬಾದಾಮಿಗೆ ಹೋಗುತ್ತೇನೆ. ನಮ್ಮ ಅಕ್ಕನನ್ನು ಕೊಟ್ಟ ಊರು. ಪೌಷದ ಬನದ ಹುಣ್ಣಿವೆಗೆ ಬನಶಂಕರಿ ಜಾತ್ರೆ. ಹಗಲು ಬಾಗಿಲು ಚೌಕಟ್ಟುಗಳ ಮಾರಾಟ, ರಾತ್ರಿ ಬೆಳತನಕ ಕಂಪನಿ ನಾಟಕ. ಬನಶಂಕರಿ ಅಂದರೆ ಶಾಕಂಬರಿ, ಬರಗಾಲದಲ್ಲಿ ತನ್ನ ಮೈಯಿಂದ ಕಾಯಿಪಲ್ಯೆ ಹುಟ್ಟಿಸಿ ಜನರನ್ನು ಉಳಿಸಿದಾಕೆ. 1876ರಿಂದ ಎರಡು ವರ್ಷ ಭೀಕರ ಬರ ಕಂಡ ಸೀಮೆ ಇದು, ಇಂಥ ದೇವಿ ಇಲ್ಲಿ ನೆಲೆಸಿದ್ದರಲ್ಲಿ ಆಶ್ಚರ್ಯ ಇಲ್ಲ. ಹುಣ್ಣಿವೆಗೆ ಮೊದಲು ಪಲ್ಲೇದ ಹಬ್ಬ: ದೇವಿಗೆ 108 ಬಗೆಯ ಕಾಯಿಪಲ್ಯೆಯ ನೈವೇದ್ಯ. ಅಕ್ಕನ ಮನೆಯವರೂ ತಮ್ಮ ಪಾಲಿನ ಒಂದಿಷ್ಟು ಪಲ್ಯೆ ಮಾಡಿ ಒಯ್ಯುತ್ತಾರೆ. ಲಾರಿಯ ಮಾಲು ಎಷ್ಟು ಎಣಿಸಿದರೂ ಇಪ್ಪತ್ತೈದು, ಮೂವತ್ತಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಕ್ಕರಕಿ ಬೇಕು, ಕಿರಕಸಾಲಿ ಬೇಕು, ಹುಣಚಿಕ್ಕ, ಗೋಳಿಪಲ್ಯೆ, ಕುಸುಬಿ ಎಳೆ, ಕಡ್ಲಿ ಕುಡಿ ಬೇಕು. ಯಾವ ಸವಾಲಿನಲ್ಲೂ ಕೂಗದ ಸೊಪ್ಪುಗಳಿವು. ಇವನ್ನು ಬದುವಿನಲ್ಲಿ ಬಗ್ಗಿ ಆಯ್ದವರೇ ತರಬೇಕು.

ಹೋದ ವರ್ಷ ಅಕ್ಕ, ನಾನು ಇಬ್ಬರೂ ಚೀಲ ಹಿಡಿದು ಬಜಾರಿಗೆ ಹೊರಟೆವು. ಬಾದಾಮಿಯಲ್ಲಿ ಬಾಯಿ ತೆರೆದ ಚೀಲ ಹಿಡಿಯುವುದು ಹೊರಗಿನವರ ಲಕ್ಷಣ. ಮಂಗ್ಯಾ ಯಾವ ಮಾಳಿಗೆಯಿಂದ ಇಳಿಯುತ್ತದೋ ಹೇಳಲಾಗದು. ನಮ್ಮ ಮುಂದೆ ಹೋಗುತ್ತಿದ್ದ ಪ್ರವಾಸಿಯೊಬ್ಬರ ಚೀಲದಿಂದ ಬಾಳೆಹಣ್ಣಿನ ಫಣಿ ಎತ್ತಿಕೊಂಡು ಒಂದು ಮಂಗ್ಯಾ ಬೋರ್ಡಿನ ಮೇಲೆ ಕುಂತು, ಸಿಪ್ಪೆ ಸುಲಿದು ಅವರ ಕಾಲ ಬುಡಕ್ಕೇ ಒಗೆಯಿತು. ಅಕ್ಕ ಚೀಲವನ್ನು ಸೆರಗಿನೊಳಗೆ ಮುಚ್ಚಿ ಬಗಲಲ್ಲಿ ಅವುಚಿಕೊಂಡಿದ್ದಳು.

ದೊಡ್ಡ ಒಟ್ಟಿಲಿನ ಮುಂದೆ ಗಜ್ಜರಿ ರೇಟು ಕೇಳಿದ್ದಕ್ಕೆ ಆ ಮನುಷ್ಯ, "ದೇವಿ ಕೆಲಸಕ್ಕ ರೇಟ್ ಕೇಳಬಾರದ್ರೀ ಅಮ್ಮಾರ" ಅಂದ. "ದೇವಿಗೆ ಒಯ್ಯೂದು ಪಲ್ಯೆ, ನಿನಗ ಕೊಡೂದು ರೊಕ್ಕ. ರೊಕ್ಕದ್ದು ಕೇಳೇ ಕೇಳತೀನಿ" ಅಂತ ಅಕ್ಕ ಮೂರು ಹೆಜ್ಜೆ ನಡೆದಳು. ಅವನು ಕರೆದ. ಮುಂದೆ ಗೋಡೆಯ ನೆರಳಿಗೆ ಕುಂತಿದ್ದ ಒಬ್ಬ ಹೆಣ್ಣುಮಗಳ ಮುಂದೆ ಹೋಗಿ ಅಕ್ಕ ಕುಕ್ಕುರುಗಾಲಲ್ಲಿ ಕುಂತಳು. ಹಳೇ ಧೋತರದ ಮೇಲೆ ಏಳೆಂಟು ಸಣ್ಣ ಗುಂಪಿ, ಒಂದೊಂದೂ ಒಂದೊಂದು ಸೊಪ್ಪು. ಹಕ್ಕರಕಿ ಬೇರಿಗೆ ಇನ್ನೂ ಎರಿ ಮಣ್ಣು ಅಂಟಿತ್ತು. ಪಕ್ಕದಲ್ಲಿ ಮೊಬೈಲಿನಿಂದ ರೊಕ್ಕ ಹಾಕುವ ಚೌಕದ ಕಾಗದ, ಹಾರಬಾರದು ಅಂತ ಅದರ ಮೇಲೊಂದು ಕಲ್ಲು.

"ಹ್ಯಾಂಗವಾ?"

"ಯಾವದಾರ ತಗೊರಿ, ಗುಂಪಿಗೆ ಇಪ್ಪತ್ತು."

"ಹಕ್ಕರಕಿಗೂ ಇಪ್ಪತ್ತೇನು? ಕೊಸರಿಗೆ ಹಾಕತಿದ್ರು ನಮ್ಮ ಕಾಲಕ್ಕ."

"ನಿಮ್ಮ ಕಾಲಕ್ಕ ಬಗ್ಗಿ ಆರಸಾಕ ಮಂದಿ ಇದ್ದರ್ರೀ ಅಕ್ಕಾರ. ಈಗ ನಾನೊಬ್ಬಾಕಿ. ವರ್ಷಕ್ಕ ಒಂದ ವಾರ ನಮ್ಮ ಪಾಳಿ ಬರತೈತಿ."

ಅಕ್ಕ ಏನೂ ಅನ್ನಲಿಲ್ಲ. ಎಲ್ಲ ಗುಂಪಿಯಲ್ಲೂ ಒಂದೊಂದು ತೆಗೆದುಕೊಂಡು, ಬೆರಳು ಮಡಿಚುತ್ತ ಎಣಿಸಿದಳು. ಮನೆಯಲ್ಲಿದ್ದದ್ದು, ಗಜ್ಜರಿಯವನದು ಸೇರಿಸಿ ಮೂವತ್ತೊಂಬತ್ತು.

"ಗೋಳಿಪಲ್ಯೆ ತಂದಿಲ್ಲೇನು?"

"ನಾಳಿ ತರ್ತೀನ್ರಿ. ರೇಟ ಮಾತ್ರ ಇದಽ ಮತ್ತ."

"ನಾಳಿ ರೇಟ ನಾಳಿ ನೋಡೂಣು," ಅಂದಳು ಅಕ್ಕ, ಮೊಳಕಾಲು ಹಿಡಿದು ಏಳುತ್ತ.